ಪ್ರಥಮ ವರ್ಷದ ವಿದ್ಯಾರ್ಥಿಗೆ ಎಂಥ ನಿಲಯ ಬೇಕು?

ಪರೀಕ್ಷೆಯ ಫಲಿತಾಂಶ ಹೊರಬಿದ್ದಿತೆಂದರೆ ವಿಶಾಖಪಟ್ಟಣದ ಕನ್ನಡಿಗರ ಮನೆಗಳಲ್ಲಿ ಒಂದೇ ಮಾತು. ಮಗನಿಗೆ ಯಾವ ಕಾಲೇಜು, ಮಗಳಿಗೆ ಯಾವ ವಿಷಯ, ಶುಲ್ಕವೆಷ್ಟು, ಮುಂದೆ ಉದ್ಯೋಗದ ಭರವಸೆಯೆಷ್ಟು ಎಂಬ ವಿಚಾರದಲ್ಲಿ ತಂದೆತಾಯಿಗಳು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಬಲ್ಲವರನ್ನು ವಿಚಾರಿಸುತ್ತಾರೆ, ಪಟ್ಟಿ ಮಾಡುತ್ತಾರೆ, ಅಳೆದು ಸುರಿದು ನಿರ್ಧರಿಸುತ್ತಾರೆ. ಆದರೆ ಆ ಮಗು ಎಲ್ಲಿ ಉಳಿಯಬೇಕು, ಏನು ಉಣ್ಣಬೇಕು, ಯಾರೊಡನೆ ಕೊಠಡಿ ಹಂಚಿಕೊಳ್ಳಬೇಕು ಎಂಬ ಪ್ರಶ್ನೆ ಮಾತ್ರ ಪ್ರವೇಶದ ದಿನ, ಶುಲ್ಕ ಕಟ್ಟುವ ಕಿಟಕಿಯ ಮುಂದೆ, ಅರ್ಧ ಗಂಟೆಯಲ್ಲಿ ಇತ್ಯರ್ಥವಾಗಿಬಿಡುತ್ತದೆ.

ಇದು ಲೆಕ್ಕಕ್ಕೆ ಒಪ್ಪುವ ಕ್ರಮವಲ್ಲ. ದಿನದ 24 ಗಂಟೆಗಳಲ್ಲಿ ತರಗತಿ, ಪ್ರಯೋಗಾಲಯ ಎಲ್ಲವೂ ಸೇರಿ ಕಾಲೇಜಿನ ಪಾಲಿಗೆ ಸಲ್ಲುವುದು ಆರೇಳು ಗಂಟೆ. ಮಿಕ್ಕ ಹದಿನೇಳು ಗಂಟೆಗಳು ಸಲ್ಲುವುದು ವಾಸದ ಸ್ಥಳಕ್ಕೆ. ಹದಿನೆಂಟು ವರ್ಷ ತಾಯಿಯ ಕೈತುತ್ತು ತಿಂದು ಬೆಳೆದ ಜೀವವು ಮೊದಲ ಬಾರಿಗೆ ಮನೆಯಿಂದ ಹೊರಗೆ ಕಾಲಿಡುವ ಆ ಒಂದು ವರ್ಷದಲ್ಲಿ ಆರೋಗ್ಯ, ಅಭ್ಯಾಸ, ಸ್ವಭಾವ ಮೂರೂ ರೂಪುಗೊಳ್ಳುವುದು ಆ ಹದಿನೇಳು ಗಂಟೆಗಳಲ್ಲಿಯೇ. ಆದ್ದರಿಂದ ಕಾಲೇಜಿನ ಆಯ್ಕೆಯಷ್ಟೇ ಎಚ್ಚರಿಕೆಯು ನಿಲಯದ ಆಯ್ಕೆಯಲ್ಲಿಯೂ ಇರಬೇಕೆಂಬುದು ನಿರ್ವಿವಾದ.

ಈ ಊರಿನ ಕನ್ನಡಿಗರಿಗೆ ಈ ಪ್ರಶ್ನೆ ಎರಡು ಕಡೆಯಿಂದಲೂ ಎದುರಾಗುತ್ತದೆ. ಬಂದರು, ಬ್ಯಾಂಕು, ನೌಕಾದಳ, ಉಕ್ಕಿನ ಕಾರ್ಖಾನೆ, ಹೋಟೆಲು ಎಂದು ನೆಲೆಸಿದವರ ಮಕ್ಕಳು ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲಗಳಿಗೆ ಹೋಗುತ್ತಾರೆ. ಅತ್ತ ಕರ್ನಾಟಕದಲ್ಲಿರುವ ಬಂಧುಗಳ ಮಕ್ಕಳು ಇಲ್ಲಿನ ಕಾಲೇಜುಗಳಿಗೂ ವಿಜಯವಾಡದ ಕಾಲೇಜುಗಳಿಗೂ ಬರುತ್ತಾರೆ. ಪ್ರಶಾಂತಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟು ದೂರ. ಮಗುವಿಗೆ ಜ್ವರವೆಂದು ಸಂಜೆ ದೂರವಾಣಿ ಬಂದರೆ ತಾಯಿ ಮರುದಿನ ಸಂಜೆಗಾದರೂ ತಲುಪಿಯಾಳೇ ಎಂಬುದು ಅನುಮಾನ. ನಿಲಯವನ್ನು ಆರಿಸುವಾಗ ಕಣ್ಣ ಮುಂದಿರಬೇಕಾದ ಪ್ರಶ್ನೆ ಇದೇ: ಆ ಒಂದು ರಾತ್ರಿ ಮಗುವಿನ ಬಾಗಿಲು ತಟ್ಟಿ ವಿಚಾರಿಸುವವರು ಯಾರು?

ಹಿಂದಿನವರ ಅನುಭವ

ಪರಸ್ಥಳದಲ್ಲಿ ಓದುವ ಹುಡುಗನ ಅನ್ನ ವಸತಿಯ ಚಿಂತೆ ಕನ್ನಡ ನಾಡಿಗೆ ಹೊಸದಲ್ಲ. ವಾರಾನ್ನವನ್ನು ಅಜ್ಜಂದಿರ ಬಾಯಲ್ಲಿ ಕೇಳದ ಮನೆಗಳು ವಿರಳ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ವಾರದಲ್ಲಿ ಒಂದು ದಿನ ಮನೆ ಸಿಗದಿದ್ದರೆ ಅಂದು ಉಪವಾಸ. ಇದನ್ನು ಕಂಡು ಮರುಗಿದ ಧರ್ಮಿಷ್ಠರೂ ಮಠಗಳೂ ಸಂಘಗಳೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಂಗಳೂರು, ಮೈಸೂರು, ಧಾರವಾಡ, ತುಮಕೂರುಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ತೆರೆದರು. ಗುಬ್ಬಿ ತೋಟದಪ್ಪನವರ ಹೆಸರು ಇಂದಿಗೂ ಬೆಂಗಳೂರಿನಲ್ಲಿ ಮನೆಮಾತು. ತುಮಕೂರಿನ ಸಿದ್ಧಗಂಗಾ ಮಠವು ಜಾತಿ ಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡುತ್ತ ಬಂದಿದೆ. ಅನೇಕ ನಿಲಯಗಳು ಒಂದೊಂದು ಸಮುದಾಯಕ್ಕೆ ಮಾತ್ರ ಮೀಸಲಾಗಿದ್ದುದು ಅಂದಿನ ಕಾಲದ ಮಿತಿ. ಆದರೂ ಹಳ್ಳಿಯ ಒಂದು ಇಡೀ ಪೀಳಿಗೆ ಪದವಿ ಕಂಡದ್ದು ಆ ನಿಲಯಗಳ ಪಂಕ್ತಿಯಲ್ಲಿ ಕುಳಿತು ಉಂಡುದರಿಂದ ಎಂದರೆ ಅತಿಶಯೋಕ್ತಿಯಾಗಲಾರದು.

ಕೊಠಡಿ ಹಿಡಿದು ಒಬ್ಬಂಟಿಯಾಗಿರುವವನ ಪಾಡೇನು ಎಂಬುದಕ್ಕೆ ಕುವೆಂಪು ಅವರ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಸಾಕ್ಷಿ ನುಡಿಯುತ್ತದೆ. 1920ರ ದಶಕದಲ್ಲಿ ಮೈಸೂರಿನಲ್ಲಿ ಓದುತ್ತಿದ್ದ ಅವರು ಕೊಠಡಿವಾಸದಲ್ಲಿ ಕಾಯಿಲೆ ಬಿದ್ದಾಗ ಶ್ರೀರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಅವರ ಯೋಗಕ್ಷೇಮವನ್ನು ವಹಿಸಿಕೊಂಡರು; ಮುಂದೆ ಅವರು ವರ್ಷಗಟ್ಟಲೆ ಆಶ್ರಮದಲ್ಲಿಯೇ ಇದ್ದರು. ಬಾಗಿಲು ತಟ್ಟುವ ಒಬ್ಬರಿದ್ದುದರಿಂದ ಆ ತರುಣನಿಗೆ ಒಳಿತಾಯಿತು, ನಾಡಿಗೂ ಒಳಿತಾಯಿತು.

ಈ ಊರಿನ ವಿಶ್ವವಿದ್ಯಾನಿಲಯಕ್ಕೂ ಆ ಮೈಸೂರಿಗೂ ಒಂದು ಬಾಂಧವ್ಯವುಂಟು. 1926ರಲ್ಲಿ ವಿಜಯವಾಡದಲ್ಲಿ ಆರಂಭವಾಗಿ 1930ರಲ್ಲಿ ವಾಲ್ಟೇರಿಗೆ ಬಂದ ಆಂಧ್ರ ವಿಶ್ವವಿದ್ಯಾನಿಲಯದ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು ಅದಕ್ಕೆ ಮುಂಚೆ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. 1931ರಲ್ಲಿ ಅವರ ಸ್ಥಾನಕ್ಕೆ ಬಂದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರೂ ಅದೇ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವಿದ್ಯೆಗಾಗಿ ಊರು ಬಿಟ್ಟು ಊರಿಗೆ ಹೋಗುವ ಈ ಎರಡು ನಾಡುಗಳ ನಡುವಿನ ದಾರಿ ಬಹಳ ಕಾಲದಿಂದ ತುಳಿದ ದಾರಿಯೇ.

ನಿಯಮ ಏನು ಹೇಳುತ್ತದೆ?

ಅಂದು ದಾನಿಗಳ ಕರುಣೆಯಿಂದ ದೊರೆಯುತ್ತಿದ್ದುದನ್ನು ಇಂದು ವಿದ್ಯಾರ್ಥಿಯು ಹಕ್ಕಿನಿಂದ ಕೇಳಬಹುದಾಗಿದೆ. ಇದನ್ನು ಬಲ್ಲ ಪೋಷಕರು ಕಡಿಮೆ. ರ್ಯಾಗಿಂಗ್ ತಡೆಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಹೊಸ ವಿದ್ಯಾರ್ಥಿಗಳನ್ನು ಸಾಧ್ಯವಿದ್ದಷ್ಟೂ ಪ್ರತ್ಯೇಕ ನಿಲಯಭಾಗದಲ್ಲಿ ಇರಿಸಬೇಕು. ಆ ಅನುಕೂಲವಿಲ್ಲದಿದ್ದರೆ ಹಿರಿಯ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿಬರುವುದರ ಮೇಲೆ ಕಟ್ಟುನಿಟ್ಟಾದ ಕಣ್ಣಿಡಬೇಕು. ಪ್ರತಿ ನಿಲಯಕ್ಕೂ ಪೂರ್ಣಾವಧಿಯ ವಾರ್ಡನ್ ಇರಬೇಕು. ಅವರು ಎಲ್ಲ ವೇಳೆಯಲ್ಲಿಯೂ ವಿದ್ಯಾರ್ಥಿಗಳಿಗೆ ದೊರಕುವಂತಿರಬೇಕು. ಖಾಸಗಿ ನಿಲಯಗಳೂ ಸ್ಥಳೀಯ ಪೊಲೀಸರಲ್ಲಿ ನೋಂದಣಿಯಾಗಿರಬೇಕು. ಪ್ರವೇಶದ ದಿನ ತಂದೆಯೂ ಮಗನೂ ಓದದೆ ಸಹಿ ಹಾಕಿ ಕೊಡುವ ಪ್ರಮಾಣಪತ್ರವು ಈ ನಿಯಮಗಳಿಗೆ ಸೇರಿದ್ದು. ಸಹಿಗೆ ಮುನ್ನ ಅದನ್ನು ಒಮ್ಮೆ ಓದಿದರೆ ತಮ್ಮ ಹೊಣೆಯೊಂದಿಗೆ ಕಾಲೇಜಿನ ಹೊಣೆಯೂ ತಿಳಿಯುತ್ತದೆ.

ಇನ್ನೂ ಹತ್ತಿರದ ಸಂಗತಿಯೊಂದಿದೆ. ಅದು ಈ ಊರಿಗೇ ಸಂಬಂಧಿಸಿದ್ದು, ದುಃಖದ್ದು. 2023ರ ಜುಲೈಯಲ್ಲಿ ವಿಶಾಖಪಟ್ಟಣದ ಹಾಸ್ಟೆಲೊಂದರಲ್ಲಿದ್ದು ಪ್ರವೇಶ ಪರೀಕ್ಷೆಗೆ ಓದುತ್ತಿದ್ದ, ಹೊರರಾಜ್ಯದ ಎಳೆಯ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2025ರ ಜುಲೈ 25ರಂದು ತೀರ್ಪಿತ್ತು, ತನಿಖೆಯನ್ನು ಸಿ.ಬಿ.ಐ.ಗೆ ವಹಿಸಿದ್ದಲ್ಲದೆ, ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ರಕ್ಷಣೆಗಾಗಿ 15 ಮಾರ್ಗಸೂಚಿಗಳನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ವಿಧಿಸಿತು. ಶಾಲೆ ಕಾಲೇಜುಗಳಷ್ಟೇ ಅಲ್ಲದೆ ತರಬೇತಿ ಕೇಂದ್ರಗಳೂ ಹಾಸ್ಟೆಲುಗಳೂ ಇದರ ವ್ಯಾಪ್ತಿಗೆ ಒಳಪಟ್ಟಿವೆ. ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು. ಸಹಾಯವಾಣಿಯ ಸಂಖ್ಯೆಗಳನ್ನು ಹಾಸ್ಟೆಲಿನಲ್ಲಿ ದಪ್ಪಕ್ಷರಗಳಲ್ಲಿ ಪ್ರದರ್ಶಿಸಬೇಕು. ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಗುಂಪು ಮಾಡಿ ಹೀಯಾಳಿಸಬಾರದು. ನಿಲಯವನ್ನು ನೋಡಲು ಹೋದ ತಂದೆಯು ಗೋಡೆಯ ಮೇಲೆ ಆ ಸಂಖ್ಯೆಗಳಿವೆಯೇ ಎಂದು ನೋಡಿದರೆ ಸಾಕು, ಆಡಳಿತದ ಮನೋಭಾವ ಅರ್ಧ ತಿಳಿದಂತೆ.

ನಾಲ್ಕು ಮಾರ್ಗಗಳು

ಪ್ರಥಮ ವರ್ಷದ ವಿದ್ಯಾರ್ಥಿಯ ಮುಂದೆ ಸಾಮಾನ್ಯವಾಗಿ ನಾಲ್ಕು ಮಾರ್ಗಗಳಿರುತ್ತವೆ: ಕಾಲೇಜಿನದೇ ನಿಲಯ, ಖಾಸಗಿ ಹಾಸ್ಟೆಲು ಅಥವಾ ಪಿ.ಜಿ., ಗೆಳೆಯರೊಡನೆ ಬಾಡಿಗೆ ಮನೆ, ಬಂಧುಗಳ ಮನೆ.

ಬಂಧುಗಳ ಮನೆಯೆಂದರೆ ತಾಯಂದಿರಿಗೆ ಸಮಾಧಾನ. ಮನೆಯ ಊಟ ಸಿಗುತ್ತದೆ, ಕಣ್ಣಳತೆಯಲ್ಲಿರುತ್ತಾನೆ ಎಂಬುದು ನಿಜವೇ. ಆದರೆ ಎರಡು ಕೊಠಡಿಗಳ ಮನೆಯಲ್ಲಿ ನಾಲ್ಕು ವರ್ಷದ ಅತಿಥಿಯೆಂದರೆ ಅತ್ತೆ ಮಾವಂದಿರಿಗೂ ಸಂಕೋಚ, ಹುಡುಗನಿಗೂ ಸಂಕೋಚ. ರಾತ್ರಿ ದೀಪ ಹಚ್ಚಿ ಓದಲು ಅಳುಕು, ಇನ್ನೊಂದು ಚಪಾತಿ ಕೇಳಲು ನಾಚಿಕೆ. ಬಾಂಧವ್ಯಕ್ಕೆ ದೂರವೇ ಭೂಷಣ ಎಂಬ ಅನುಭವಿಗಳ ಮಾತನ್ನು ತಳ್ಳಿಹಾಕುವಂತಿಲ್ಲ. ಭಾನುವಾರದ ಊಟಕ್ಕೂ ಕಾಯಿಲೆಯ ನಾಲ್ಕು ದಿನಗಳಿಗೂ ಬಂಧುಗಳ ಮನೆ, ಉಳಿದ ದಿನಗಳಿಗೆ ನಿಲಯ ಎಂಬ ಏರ್ಪಾಡು ಇಬ್ಬರಿಗೂ ಹಿತ.

ಗೆಳೆಯರೊಡನೆ ಮನೆ ಹಿಡಿಯುವುದು ಹುಡುಗರಿಗೆ ಪ್ರಿಯವಾದ ಮಾರ್ಗ. ಮೂರನೆಯ ವರ್ಷದಲ್ಲಿ ಅದಕ್ಕೆ ಆಕ್ಷೇಪವಿರಬೇಕಾಗಿಲ್ಲ. ಮೊದಲ ವರ್ಷದಲ್ಲಿ ಮಾತ್ರ ಅದು ಸಲ್ಲದು. ಹಾಲಿನ ಲೆಕ್ಕ, ವಿದ್ಯುತ್ತಿನ ಬಿಲ್ಲು, ಮನೆಯೊಡೆಯನ ಮುಂಗಡ, ಪಾತ್ರೆ ತೊಳೆಯುವ ಸರದಿ ಇವುಗಳ ಗೋಜಿನಲ್ಲಿ ಓದು ಹಿಂದಾಗುತ್ತದೆ. ಒಬ್ಬನಿಗೆ ಜ್ವರ ಬಂದರೆ ಉಳಿದಿಬ್ಬರು ಪರೀಕ್ಷೆಗೆ ಹೋಗಿರುತ್ತಾರೆ.

ಖಾಸಗಿ ಹಾಸ್ಟೆಲುಗಳಲ್ಲಿ ಒಳ್ಳೆಯವೂ ಉಂಟು. ನಗರಾಡಳಿತಗಳೂ ಇತ್ತೀಚೆಗೆ ಎಚ್ಚೆತ್ತಿವೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2024ರಲ್ಲಿ ಹೊರಡಿಸಿದ ಪಿ.ಜಿ. ನಿಯಮಗಳಲ್ಲಿ ತಲಾ ಕನಿಷ್ಠ 70 ಚದರ ಅಡಿ ಜಾಗ, ಶುದ್ಧ ಕುಡಿಯುವ ನೀರು, ಸಿ.ಸಿ. ಕ್ಯಾಮೆರಾ, ಅಡುಗೆಗೆ ಆಹಾರ ಸುರಕ್ಷತಾ ಪರವಾನಗಿ ಇವುಗಳನ್ನು ಕಡ್ಡಾಯ ಮಾಡಿತು. ಬೆಂಗಳೂರಿಗೆ ಮಗಳನ್ನು ಕಳುಹಿಸುವವರು ಆ ಪರವಾನಗಿಯನ್ನು ಕಣ್ಣಾರೆ ನೋಡಬೇಕು. ವಿಶಾಖಪಟ್ಟಣದ ಮದ್ದಿಲಪಾಲೆಂನಲ್ಲೋ ಮಧುರವಾಡದಲ್ಲೋ ಕೊಠಡಿ ನೋಡುವವರೂ ಅದೇ ಅಳತೆಗೋಲನ್ನು ಹಿಡಿಯುವುದು ಒಳ್ಳೆಯದು.

ಆದರೂ ಮೊದಲ ವರ್ಷಕ್ಕೆ ಕಾಲೇಜಿನ ನಿಲಯವೇ ಉತ್ತಮ. ಊಟ ಸಪ್ಪೆಯಿರಬಹುದು, ಸ್ನಾನದ ಮನೆಗೆ ಸಾಲು ನಿಲ್ಲಬೇಕಾಗಬಹುದು. ಆದರೆ ಅಲ್ಲಿ ಉತ್ತರ ಹೇಳಬೇಕಾದ ಒಂದು ಸಂಸ್ಥೆಯಿದೆ. ಹುಡುಗನು ರಾತ್ರಿ ಬಾರದಿದ್ದರೆ ಹಾಜರಿ ಪುಸ್ತಕ ಹೇಳುತ್ತದೆ. ಎರಡು ದಿನ ಊಟಕ್ಕೆ ಬಾರದಿದ್ದರೆ ಮೆಸ್ಸಿನವರಿಗೆ ತಿಳಿಯುತ್ತದೆ. ಇದಕ್ಕೊಂದು ಅಪವಾದವನ್ನೂ ಹೇಳಬೇಕು. ವಾರ್ಡನ್ ಹೆಸರಿಗೆ ಮಾತ್ರ ಇದ್ದು ರಾತ್ರಿ ನಿಲಯದಲ್ಲಿ ಇರುವುದಿಲ್ಲವೆಂದರೆ ಆ ನಿಲಯವು ಎಷ್ಟು ದೊಡ್ಡ ಕಾಲೇಜಿನದಾದರೂ ಬೇಡ. ಅಲ್ಲಿಗಿಂತ, ಮಕ್ಕಳನ್ನು ಹೆಸರು ಹಿಡಿದು ಕರೆಯುವ ಒಡತಿಯಿರುವ ಸಣ್ಣ ಹಾಸ್ಟೆಲು ಮೇಲು.

ಹಣದ ಲೆಕ್ಕ

ಖರ್ಚಿನ ದೃಷ್ಟಿಯಿಂದ ಹೊರಗಿನ ವಾಸ ಅಗ್ಗವೆಂಬ ನಂಬಿಕೆಯಿದೆ. ಉದಾಹರಣೆಗೆ ತಿಂಗಳಿಗೆ 2,000 ರೂಪಾಯಿ ಉಳಿಯಿತೆಂದೇ ಇಟ್ಟುಕೊಂಡರೂ ಹತ್ತು ತಿಂಗಳಿಗೆ 20,000. ಮಂಚ, ಒಲೆ, ಪಾತ್ರೆ, ದಿನವೂ ಹೋಗಿಬರುವ ಬಸ್ಸು ಆಟೋ, ಮುಂಗಡದಲ್ಲಿ ಹಿಂದಿರುಗದೆ ಉಳಿಯುವ ಭಾಗ ಇವನ್ನು ಕಳೆದರೆ ಉಳಿತಾಯ ಎಲ್ಲಿ? ಕಲುಷಿತ ನೀರಿನಿಂದ ಒಮ್ಮೆ ಕಾಮಾಲೆಯೋ ಟೈಫಾಯಿಡ್ಡೋ ಬಂದರೆ ಹಣವಲ್ಲ, ಒಂದು ಸೆಮಿಸ್ಟರೇ ಕೈಬಿಟ್ಟು ಹೋಗುತ್ತದೆ. ಅದು ಯಾವ ಜಮಾಖರ್ಚಿಗೂ ಸಿಕ್ಕದ ನಷ್ಟ.

ಶಿಕ್ಷಣ ಸಾಲ ಪಡೆಯುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಬ್ಯಾಂಕುಗಳು ಅನುಸರಿಸುವ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಕಾಲೇಜು ಶುಲ್ಕದೊಂದಿಗೆ ಹಾಸ್ಟೆಲು ಶುಲ್ಕವೂ ಸೇರುತ್ತದೆ. ಹೊರಗೆ ವಾಸಿಸಿದರೆ ಯುಕ್ತವೆಂದು ಕಂಡ ಮೊತ್ತವನ್ನು ಮಾತ್ರ ಪರಿಗಣಿಸುತ್ತಾರೆ. ಅದನ್ನು ಸಾಲ ಮಂಜೂರಾಗುವ ಮುನ್ನವೇ ಕೇಳಿ ತಿಳಿಯಬೇಕು, ಅನಂತರವಲ್ಲ. 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಸ್ವಂತ ಬಂಡವಾಳದ ಪಾಲನ್ನು ಕೇಳುವುದಿಲ್ಲವಾದ್ದರಿಂದ ಹಾಸ್ಟೆಲಿನ ವೆಚ್ಚಕ್ಕೆಂದು ಒಡವೆ ಮಾರುವ ಅಗತ್ಯ ಬೀಳದು. ತೆರಿಗೆಯ ವಿಷಯದಲ್ಲಿ, 2024ರ ಜುಲೈಯಿಂದ, ಸತತ 90 ದಿನಗಳಿಗೆ ಕಡಿಮೆಯಿಲ್ಲದಂತೆ ಉಳಿಯುವವರಿಗೆ ತಲಾ ತಿಂಗಳಿಗೆ 20,000 ರೂಪಾಯಿ ಮೀರದ ವಸತಿ ಬಾಡಿಗೆಗೆ ಜಿ.ಎಸ್.ಟಿ. ವಿನಾಯಿತಿಯಿದೆ. ಯಾವುದೇ ಹಾಸ್ಟೆಲು ಬಾಡಿಗೆಯ ಮೇಲೆ ತೆರಿಗೆಯೆಂದು ಬೇರೆ ಹಣ ಕೇಳಿದರೆ ರಸೀತಿ ಕೇಳುವ ಧೈರ್ಯ ಪೋಷಕರಿಗಿರಬೇಕು.

ಆರೋಗ್ಯದೃಷ್ಟಿಯಿಂದ ನೋಡಬೇಕಾದವು

ನಿಲಯವನ್ನು ಚಿತ್ರಗಳಲ್ಲಿ ನೋಡಿ ಒಪ್ಪಬಾರದು. ವಿದ್ಯಾರ್ಥಿಯನ್ನೂ ಕರೆದೊಯ್ದು ನೋಡಬೇಕು. ಇರಬೇಕಾದವನು ಅವನು, ಆದುದರಿಂದ ಆರಿಸಬೇಕಾದವನೂ ಅವನೇ. ಹೋದಾಗ ಈ ಕೆಳಗಿನ ಅಂಶಗಳನ್ನು ಗಮನಿಸುವುದು ಲೇಸು.

1. ನೆಲೆ: 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ಅಪ್ಪಳಿಸಿದಾಗ ವಿಶಾಖಪಟ್ಟಣದಲ್ಲಿ ಅನೇಕ ದಿನ ನೀರೂ ದೀಪವೂ ಇರಲಿಲ್ಲ. 2020ರ ಮೇ 7ರ ನಸುಕಿನಲ್ಲಿ ಕಾರ್ಖಾನೆಯೊಂದರಿಂದ ಸ್ಟೈರೀನ್ ಅನಿಲ ಸೋರಿ ಹತ್ತಕ್ಕೂ ಹೆಚ್ಚು ಜನ ಮಡಿದರು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹಳ್ಳ ಉಕ್ಕಿ ವಿಜಯವಾಡದ ಸಿಂಗ್ ನಗರದಲ್ಲಿ ಜನ ದಿನಗಟ್ಟಲೆ ಮಹಡಿಗಳ ಮೇಲೆ ಸಿಕ್ಕಿಕೊಂಡರು. ತಗ್ಗಿನಲ್ಲಿದೆಯೇ, ಕಾರ್ಖಾನೆಗೆ ಅಂಟಿಕೊಂಡಿದೆಯೇ, ಜನರೇಟರು ಮತ್ತು ನೀರಿನ ಸಂಗ್ರಹವಿದೆಯೇ, ಬೆಂಕಿಯಾದರೆ ಇಳಿಯಲು ಎರಡನೆಯ ಮೆಟ್ಟಿಲಿದೆಯೇ ಎಂದು ಕೇಳಬೇಕು. ಉಬ್ಬಸವಿರುವ ಮಗುವನ್ನು ಕಲ್ಲಿದ್ದಲು, ಅದಿರುಗಳ ಧೂಳು ಬೀಳುವ ಬಂದರಿನ ಮಗ್ಗುಲಲ್ಲಿ ಇರಿಸಬಾರದು.

2. ನೀರು ಮತ್ತು ಅಡುಗೆಮನೆ: ನೀರಿನ ತೊಟ್ಟಿಯನ್ನು ಕೊನೆಯ ಬಾರಿ ತೊಳೆದದ್ದು ಯಾವಾಗ ಎಂದು ವಿಚಾರಿಸಬೇಕು. ಊಟದ ವೇಳೆಗೇ ಹೋಗಿ ಒಂದು ಊಟ ಉಂಡು ನೋಡಬೇಕು. ಆಂಧ್ರದ ಖಾರಕ್ಕೆ ಕರ್ನಾಟಕದ ಹೊಟ್ಟೆ ಹೊಂದಿಕೊಳ್ಳಲು ಕೆಲವು ವಾರಗಳು ಬೇಕು; ಅಲ್ಲಿಯವರೆಗೆ ಮಜ್ಜಿಗೆಯನ್ನ, ಬಾಳೆಹಣ್ಣು, ಬೇಯಿಸಿದ ತರಕಾರಿ ಸಿಗುವುದೇ ಎಂಬುದು ಮುಖ್ಯ. ವಿಜಯವಾಡದ ಬೇಸಗೆಯಲ್ಲಿ ತಾಪಮಾನವು 45 ಡಿಗ್ರಿಯನ್ನು ಸಮೀಪಿಸುವುದುಂಟು. ಅಲ್ಲಿ ಮೇಲಂತಸ್ತಿನ ತಾರಸಿಯಡಿಯ ಕೊಠಡಿ ಬೇಡ.

3. ಸೊಳ್ಳೆ ಮತ್ತು ಸೋಂಕು: ಡೆಂಗೆ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಕಿಟಕಿಗೆ ಜಾಲರಿಯಿದೆಯೇ, ಸುತ್ತ ನೀರು ನಿಂತಿದೆಯೇ ಎಂದು ನೋಡಬೇಕು. ಹೊರಡುವ ಮುನ್ನ ಕುಟುಂಬದ ವೈದ್ಯರನ್ನು ಕಂಡು ಟೈಫಾಯಿಡ್, ಹೆಪಟೈಟಿಸ್‌–ಎ, ಸೀತಾಳೆ ಸಿಡುಬು ಇವುಗಳ ಲಸಿಕೆಯ ಬಗ್ಗೆ ಕೇಳಬೇಕು. ರಕ್ತದ ಗುಂಪು, ಒಗ್ಗದ ಔಷಧಿಗಳು, ನಿತ್ಯದ ಮಾತ್ರೆಗಳು ಇವನ್ನು ಬರೆದ ಒಂದು ಹಾಳೆ ವಾರ್ಡನ್ ಬಳಿಯಿರಬೇಕು, ಇನ್ನೊಂದು ಮಗುವಿನ ಬಳಿ.

4. ನಿದ್ರೆ: ಈ ವಯಸ್ಸಿಗೆ ದಿನಕ್ಕೆ ಏಳರಿಂದ ಒಂಬತ್ತು ಗಂಟೆ ನಿದ್ರೆ ಬೇಕೆಂಬುದು ವೈದ್ಯರ ಮತ. ನಸುಕಿನಿಂದ ನಡುರಾತ್ರಿಯವರೆಗೆ ಓದಿಸುತ್ತೇವೆಂದು ಹೆಮ್ಮೆಪಡುವ ನಿಲಯ ಜ್ಞಾನವನ್ನು ಕೊಡುವುದಕ್ಕಿಂತ ಜಡತೆಯನ್ನು ಕೊಡುವುದೇ ಹೆಚ್ಚು.

5. ಮನಸ್ಸು: ಮೊದಲ ಆರು ವಾರ ಮನೆಯ ನೆನಪು ಕಾಡುವುದು ಸಹಜ, ಅದು ದೌರ್ಬಲ್ಯವಲ್ಲ. ಊಟ, ನಿದ್ರೆ, ಮಾತು ಮೂರೂ ಕಡಿಮೆಯಾಗುತ್ತ ಹೋದರೆ ಮಾತ್ರ ತಡಮಾಡಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿಯ ಸಂಖ್ಯೆ 14416; ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಅದರ ಕೇಂದ್ರಬಿಂದು. ಕನ್ನಡದಲ್ಲಿಯೂ ಮಾತನಾಡಬಹುದು. ರ್ಯಾಗಿಂಗ್ ಬಗೆಗಿನ ದೂರಿಗೆ 1800–180–5522. ಈ ಎರಡು ಸಂಖ್ಯೆಗಳನ್ನು ಮಗುವಿನ ಪೆಟ್ಟಿಗೆಯ ಒಳಮುಚ್ಚಳಕ್ಕೆ ಅಂಟಿಸಿ ಕಳುಹಿಸುವುದು ಉಪ್ಪಿನಕಾಯಿಯ ಭರಣಿ ಕಳುಹಿಸುವುದಕ್ಕಿಂತ ಮುಖ್ಯವಾದ ಕೆಲಸ.

ಕೊಠಡಿಯ ಸಂಗಾತಿ

ಕೊಠಡಿಯಲ್ಲಿ ಕನ್ನಡದವನೇ ಇರಲಿ ಎಂದು ಹಂಬಲಿಸುವ ತಂದೆಯರಿದ್ದಾರೆ. ತಮ್ಮ ಜಾತಿಯವನೇ ಇರಲಿ ಎನ್ನುವವರೂ ಇಲ್ಲದಿಲ್ಲ. ಎರಡನೆಯದು ಮಕ್ಕಳ ಕಾಲಕ್ಕೆ ಒಪ್ಪದ ಮಾತು. ಮೊದಲನೆಯದು ಪ್ರೀತಿಯಿಂದ ಹುಟ್ಟಿದ್ದಾದರೂ ಹಿತವಾದುದಲ್ಲ. ತೆಲುಗಿನ ಲಿಪಿಯು ಕನ್ನಡಕ್ಕೆ ಒಡಹುಟ್ಟಿದಂತಿದೆ; ತೆಲುಗು ಹುಡುಗನೊಡನೆ ಒಂದು ಕೊಠಡಿಯಲ್ಲಿದ್ದವನು ಕೆಲವೇ ತಿಂಗಳುಗಳಲ್ಲಿ ಅಂಗಡಿಯ ಫಲಕಗಳನ್ನು ಓದುತ್ತಾನೆ, ವರ್ಷದೊಳಗೆ ಆ ಭಾಷೆಯಲ್ಲಿ ತಮಾಷೆ ಮಾಡುತ್ತಾನೆ. ಸಂಗಾತಿಯಲ್ಲಿ ನೋಡಬೇಕಾದದ್ದು ಭಾಷೆಯನ್ನಲ್ಲ, ಹೊತ್ತಿಗೆ ಮಲಗುವ, ಹೇಳಿ ವಸ್ತು ತೆಗೆದುಕೊಳ್ಳುವ, ಧೂಮಪಾನ ಮಾಡದ ಸ್ವಭಾವವನ್ನು. ಹೊಂದಿಕೆಯಾಗದಿದ್ದರೆ ಕೊಠಡಿ ಬದಲಿಸಲು ಅವಕಾಶವುಂಟೇ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಮಗುವಿಗೆ ಕನ್ನಡ ಕೇಳಬೇಕೆನ್ನಿಸಿದಾಗ ಕನ್ನಡ ಸಂಘವಿದೆ.

ಸಂಘದ ಹೊಣೆ

ಪ್ರವೇಶ ಪತ್ರದಲ್ಲಿ ‘ಸ್ಥಳೀಯ ಪೋಷಕರು’ ಎಂಬ ಒಂದು ಸಾಲಿರುತ್ತದೆ. ಅನೇಕ ಪತ್ರಗಳಲ್ಲಿ ಅದು ಖಾಲಿಯಾಗಿಯೇ ಉಳಿಯುತ್ತದೆ, ಇಲ್ಲವೆ ಮಗುವನ್ನು ಎಂದೂ ನೋಡದವರ ಹೆಸರಿನಿಂದ ತುಂಬುತ್ತದೆ. ಪರಊರಿನ ಕನ್ನಡ ಸಂಘವೊಂದು ಮಾಡಬಹುದಾದ ಅತ್ಯಂತ ಕಡಿಮೆ ಖರ್ಚಿನ, ಅತ್ಯಂತ ದೊಡ್ಡ ಸೇವೆ ಈ ಒಂದು ಸಾಲನ್ನು ತುಂಬುವುದು. ಪ್ರತಿ ವರ್ಷ ಪ್ರವೇಶದ ವೇಳೆಗೆ ಒಪ್ಪಿಗೆಯಿತ್ತ ಹತ್ತು ಕುಟುಂಬಗಳ ಪಟ್ಟಿ ಸಿದ್ಧವಿರಲಿ; ಒಂದೊಂದು ಕುಟುಂಬಕ್ಕೆ ಇಬ್ಬರು ಮಕ್ಕಳು ಸಾಕು. ತಿಂಗಳಿಗೊಮ್ಮೆ ನಿಲಯಕ್ಕೆ ಹೋಗಿ ವಾರ್ಡನ್‌ಗೆ ಮುಖ ತೋರಿಸಿ ಬಂದರೆ, ಈ ಮಗುವಿಗೂ ಕೇಳುವವರಿದ್ದಾರೆ ಎಂಬುದು ಆಡಳಿತಕ್ಕೆ ತಿಳಿಯುತ್ತದೆ. ಇಲ್ಲಿನ ಮಕ್ಕಳು ಹೋಗುವ ಬೆಂಗಳೂರು, ಮೈಸೂರುಗಳಲ್ಲಿಯೂ ಸದಸ್ಯರ ಬಂಧುಮಿತ್ರರಿಂದ ಇಂಥದೇ ಪಟ್ಟಿ ಮಾಡಬಹುದು. ಆಯಾ ನಿಲಯದಲ್ಲಿ ಒಂದು ವರ್ಷ ಕಳೆದ ಹಿರಿಯ ವಿದ್ಯಾರ್ಥಿಗಳಿಂದ ನೀರು, ಊಟ, ವಾರ್ಡನ್ ಇವುಗಳ ಬಗ್ಗೆ ಒಂದು ಪುಟದ ಅಭಿಪ್ರಾಯ ಬರೆಸಿ ಸಂಘದ ಕಚೇರಿಯಲ್ಲಿಟ್ಟರೆ ಮುಂದಿನ ವರ್ಷದ ತಂದೆತಾಯಿಗಳಿಗೆ ಅದಕ್ಕಿಂತ ಬೆಲೆಯುಳ್ಳ ಮಾಹಿತಿ ಇನ್ನೊಂದಿರದು.

ಹಿಂದೆ ವಾರಾನ್ನವಿತ್ತ ಗೃಹಿಣಿಯರು ಶ್ರೀಮಂತರೇನಾಗಿರಲಿಲ್ಲ. ಇದ್ದುದರಲ್ಲಿ ವಾರಕ್ಕೊಂದು ಎಲೆ ಹೆಚ್ಚಿಗೆ ಹಾಕಿದರು. ನಾಡಿಗೆ ವಿದ್ವಾಂಸರು, ವೈದ್ಯರು, ನ್ಯಾಯಾಧೀಶರು ದೊರೆತರು. ಇಂದಿನ ಮಕ್ಕಳಿಗೆ ಬೇಕಾದದ್ದು ಅನ್ನಕ್ಕಿಂತ ಹೆಚ್ಚಾಗಿ ‘ಹೇಗಿದ್ದೀಯಪ್ಪ, ಊಟವಾಯಿತೇ’ ಎಂದು ಕೇಳುವ ಒಂದು ದನಿ. ಅಂಥ ದನಿಯಿರುವ ನಿಲಯವನ್ನು ತಂದೆತಾಯಿಗಳು ಆರಿಸಲಿ. ಇಲ್ಲದಿರುವೆಡೆ ಆ ದನಿಯಾಗಲು ಸಂಘದ ಸದಸ್ಯರು ಮುಂದೆ ಬರಲಿ.